ಹೂಳೆತ್ತುವವರಿಲ್ಲದ ಲೋಕಗಳು

ತೆಲುಗು ಸಿನಿಮಾ ನೋಡಲು ಬೀದರ್‌ನವರಿಗೆ ದುಭಾಷಿ ಬೇಕಿಲ್ಲ. 2024ರ ಜೂನ್ ಕೊನೆಗೆ ‘ಕಲ್ಕಿ 2898 ಎಡಿ’ ತೆರೆಗೆ ಬಂತು. ಒಣಗಿ ಬೆಂಡಾದ ಕಾಶಿಯ ನೆತ್ತಿಯ ಮೇಲೆ ತಲೆಕೆಳಗಾಗಿ ತೂಗುವ ಪಿರಮಿಡ್ ಒಂದು ಅದರಲ್ಲಿದೆ, ಹೆಸರು ‘ಕಾಂಪ್ಲೆಕ್ಸ್’. ಮೇಲೆ ಹಸಿರು, ನೀರು, ಹಣ್ಣು. ಕೆಳಗೆ ದೂಳು ಮತ್ತು ಸರದಿ ಸಾಲು. ಆ ಚಿತ್ರದ ಬಗ್ಗೆ ಮೆಚ್ಚಿ ಮಾತಾಡಿದವರ ಬಾಯಲ್ಲಿ ಹೆಚ್ಚಾಗಿ ಕೇಳಿಬಂದದ್ದು ಅದರ ಗಾತ್ರದ ಹೊಗಳಿಕೆ. ಅಷ್ಟು ದೊಡ್ಡದನ್ನು ನಮ್ಮವರೂ ತೋರಿಸಿದರಲ್ಲ ಎಂಬ ಹಿಗ್ಗು. ಆ ಕಾಂಪ್ಲೆಕ್ಸಿನ ಕೊಳವೆ ಕಟ್ಟಿಕೊಂಡರೆ ಒಳಗಿಳಿದು ಬಿಡಿಸುವವನು ಯಾರು ಎಂದು ಕೇಳಿದವರು ವಿರಳ.

ಇದು ಒಂದು ಸಿನಿಮಾದ ದೋಷವಲ್ಲ. ವೈಜ್ಞಾನಿಕ ಕಥೆಗಳ ದೈತ್ಯ ಕಟ್ಟಡಗಳು ಮತ್ತು ಕೃತಕ ಲೋಕಗಳ ಕುರಿತು ಇಂದು ಎಲ್ಲೆಲ್ಲೂ ಚಾಲ್ತಿಯಲ್ಲಿರುವ ಅಭಿಪ್ರಾಯ ಒಂದೇ: ದೊಡ್ಡದು ಕಟ್ಟಿದ ನಾಗರಿಕತೆ ದೊಡ್ಡ ನಾಗರಿಕತೆ, ಇನ್ನೂ ದೊಡ್ಡದು ಕಟ್ಟಿದ್ದು ಇನ್ನೂ ದೊಡ್ಡದು. ಈ ಅಭಿಪ್ರಾಯಕ್ಕೆ ವಿಜ್ಞಾನದ ಮುದ್ರೆಯೂ ಇದೆ. ಸೋವಿಯತ್ ಖಗೋಳ ವಿಜ್ಞಾನಿ ನಿಕೊಲಾಯ್ ಕರ್ದಶೇವ್ 1964ರಲ್ಲಿ ನಾಗರಿಕತೆಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿದರು. ತನ್ನ ಗ್ರಹಕ್ಕೆ ಸಿಗುವಷ್ಟು ಶಕ್ತಿ ಬಳಸುವುದು ಮೊದಲನೆಯದು, ತನ್ನ ನಕ್ಷತ್ರದ ಶಕ್ತಿಯನ್ನೆಲ್ಲ ಬಳಸುವುದು ಎರಡನೆಯದು, ಇಡೀ ಗ್ಯಾಲಕ್ಸಿಯದ್ದನ್ನು ಬಳಸುವುದು ಮೂರನೆಯದು. ರೇಡಿಯೊ ಸಂಕೇತ ಹುಡುಕುವವರಿಗೆ ಉಪಯೋಗವಾಗಲೆಂದು ಮಾಡಿದ ಲೆಕ್ಕಾಚಾರ ಅದು. ಈಗ ಅದು ಶಾಲೆಯ ರಸಪ್ರಶ್ನೆಯಿಂದ ಹಿಡಿದು ಮೊಬೈಲಿನ ವಿಡಿಯೊದವರೆಗೆ ಪ್ರಗತಿಯ ಏಣಿಯಾಗಿ ಕೂತಿದೆ. ಎಷ್ಟು ಉರಿಸುತ್ತೀರಿ ಎಂಬುದೊಂದೇ ಅದು ಕೇಳುವ ಪ್ರಶ್ನೆ. ಉಳಿಸಿಕೊಳ್ಳುವುದು ಹೇಗೆ ಎಂಬುದಕ್ಕೆ ಆ ಏಣಿಯಲ್ಲಿ ಮೆಟ್ಟಿಲಿಲ್ಲ.

ಫ್ರೀಮನ್ ಡೈಸನ್‌ಗೆ ಆದದ್ದೂ ಹೀಗೆಯೇ. 1960ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅವರು ಬರೆದದ್ದು ಚಿಕ್ಕ ಲೇಖನ. ಬುದ್ಧಿವಂತ ಜೀವಿಗಳು ತಮ್ಮ ನಕ್ಷತ್ರದ ಬೆಳಕನ್ನೆಲ್ಲ ಬಳಸಿಕೊಂಡರೆ ಕೊನೆಗೆ ಬಿಸಿಯನ್ನು ಹೊರಚೆಲ್ಲಲೇಬೇಕು, ಆ ಅವಗೆಂಪು ಕಿರಣವನ್ನು ಹುಡುಕೋಣ ಎಂಬುದು ಅದರ ಸಾರ. ಓದುಗರು ಕಲ್ಪಿಸಿಕೊಂಡದ್ದು ಸೂರ್ಯನನ್ನು ಮುಚ್ಚಿದ ಗಟ್ಟಿ ಚಿಪ್ಪು. ಗಟ್ಟಿ ಚಿಪ್ಪು ಸಾಧ್ಯವಿಲ್ಲ, ತಾನು ಹೇಳಿದ್ದು ಬಿಡಿಬಿಡಿಯಾಗಿ ಸುತ್ತುವ ವಸ್ತುಗಳ ಹಿಂಡು ಎಂದು ಅವರು ಆಗಲೇ ಸ್ಪಷ್ಟಪಡಿಸಿದ್ದರು. ಕಲ್ಪನೆ ತನ್ನದಲ್ಲ, ಓಲಾಫ್ ಸ್ಟೇಪಲ್ಡನ್‌ರ 1937ರ ‘ಸ್ಟಾರ್ ಮೇಕರ್’ ಕಾದಂಬರಿಯಿಂದ ಬಂದದ್ದು ಎಂದೂ ಒಪ್ಪಿಕೊಂಡಿದ್ದರು. ಯಾರೂ ಕಿವಿಗೊಡಲಿಲ್ಲ. ಚಿಪ್ಪಿನ ಚಿತ್ರ ಪೋಸ್ಟರಿಗೆ ಚೆನ್ನಾಗಿ ಕಾಣುತ್ತದೆ.

ಗಾತ್ರದ ಭಕ್ತರು ತಮ್ಮ ಪಾಲಿನ ಧರ್ಮಗ್ರಂಥಗಳನ್ನೇ ಸರಿಯಾಗಿ ಓದಿಲ್ಲ ಎಂಬುದು ಅವರ ಮೇಲಿನ ಮೊದಲ ಆಕ್ಷೇಪ. ಲ್ಯಾರಿ ನಿವೆನ್ನರ ‘ರಿಂಗ್‌ವರ್ಲ್ಡ್’ 1970ರಲ್ಲಿ ಬಂತು. ಹ್ಯೂಗೊ, ನೆಬ್ಯುಲಾ ಎರಡೂ ಪ್ರಶಸ್ತಿ ಪಡೆಯಿತು. ಸೂರ್ಯನಂಥ ನಕ್ಷತ್ರದ ಸುತ್ತ, ಭೂಮಿಯ ಕಕ್ಷೆಯಷ್ಟು ದೊಡ್ಡ ಬಳೆ. ಅಗಲ ಸುಮಾರು 16 ಲಕ್ಷ ಕಿ.ಮೀ., ಒಳಮೈಯಲ್ಲಿ ಮೂವತ್ತು ಲಕ್ಷ ಭೂಮಿಗಳಷ್ಟು ಜಾಗ. ಸೆಕೆಂಡಿಗೆ 1,200 ಕಿ.ಮೀ.ಗೂ ಮಿಕ್ಕಿದ ವೇಗದಲ್ಲಿ ಗಿರಗಿರ ತಿರುಗುವುದರಿಂದ ಒಳಗಿದ್ದವರಿಗೆ ತೂಕದ ಅನುಭವ. ಅಂಕಿಗಳನ್ನು ಎಲ್ಲರೂ ಬಾಯಿಪಾಠ ಹೇಳುತ್ತಾರೆ. ಕಾದಂಬರಿಯ ಪಾತ್ರಗಳು ಅಲ್ಲಿಗೆ ತಲುಪಿದಾಗ ಕಂಡದ್ದೇನು? ಪಾಳುಬಿದ್ದ ನಗರಗಳು. ವಿದ್ಯುತ್ ಸಾಗಿಸುವ ವಾಹಕವನ್ನು ಒಂದು ಬಗೆಯ ಬೂಷ್ಟು ತಿಂದುಹಾಕಿ, ಆಕಾಶದಲ್ಲಿ ತೇಲುತ್ತಿದ್ದ ಕಟ್ಟಡಗಳು ಉದುರಿ, ಕಟ್ಟಿದವರ ಮೊಮ್ಮಕ್ಕಳು ಮತ್ತೆ ಕಾಡುಪಾಲಾಗಿದ್ದರು. ಕಾದಂಬರಿಯ ನಡುಮನೆಯಲ್ಲೇ ಸೋಲು ಕೂತಿದೆ, ಅಭಿಮಾನಿಗಳು ಬಾಗಿಲಲ್ಲೇ ನಿಂತು ಅಳತೆ ತೆಗೆದುಕೊಂಡು ಹೋದರು.

ಮುಂದಿನ ಕತೆ ಇನ್ನೂ ಸೊಗಸಾಗಿದೆ. 1971ರಲ್ಲಿ ಬಾಸ್ಟನ್ನಿನಲ್ಲಿ ವಿಶ್ವ ವೈಜ್ಞಾನಿಕ ಕಥಾ ಸಮ್ಮೇಳನ ನಡೆದಾಗ ಎಂಐಟಿಯ ವಿದ್ಯಾರ್ಥಿಗಳು ಹೋಟೆಲಿನ ಪಡಸಾಲೆಗಳಲ್ಲಿ ಈ ಬಳೆ ಅಸ್ಥಿರ ಎಂದು ಘೋಷಣೆ ಕೂಗುತ್ತ ತಿರುಗಿದರು. ಅವರು ಹೇಳಿದ್ದು ನಿಜ. ಗ್ರಹದ ಹಾಗೆ ಬಳೆ ಸೂರ್ಯನನ್ನು ಸುತ್ತುವುದಿಲ್ಲ; ಕೂದಲೆಳೆಯಷ್ಟು ಸರಿದರೂ ಸರಿದ ಕಡೆಗೇ ಇನ್ನಷ್ಟು ವಾಲಿ ಕೊನೆಗೆ ಸೂರ್ಯನಿಗೆ ಬಡಿಯುತ್ತದೆ. ನಿವೆನ್ ‘ದಿ ರಿಂಗ್‌ವರ್ಲ್ಡ್ ಎಂಜಿನಿಯರ್ಸ್’ ಎಂಬ ಎರಡನೇ ಕಾದಂಬರಿಯನ್ನೇ ಬರೆಯಬೇಕಾಯಿತು. ಅದರಲ್ಲಿ ಬಳೆಯ ಅಂಚಿಗೆ ಅದನ್ನು ನೇರ ನಿಲ್ಲಿಸುವ ಜೆಟ್‌ಗಳಿವೆ. ಅಲ್ಲ, ಇದ್ದವು. ಅಲ್ಲಿನ ಜನರೇ ಅವನ್ನು ಬಿಚ್ಚಿಕೊಂಡು ತಮ್ಮ ಹಡಗುಗಳಿಗೆ ಎಂಜಿನ್ ಮಾಡಿಕೊಂಡಿದ್ದರು! ಮಳೆಗೆ ಕೊಚ್ಚಿಹೋದ ಮಣ್ಣೆಲ್ಲ ಸಮುದ್ರದ ತಳ ಸೇರಿದರೆ ಏನು ಗತಿ ಎಂಬ ಪ್ರಶ್ನೆಯೂ ಬಂದಿತ್ತು. ಭೂಮಿಯಲ್ಲಾದರೆ ಭೂಪದರಗಳ ಚಲನೆ ಮತ್ತೆ ಬೆಟ್ಟ ಎಬ್ಬಿಸುತ್ತದೆ, ಬಳೆಗೆ ಆ ಭಾಗ್ಯವಿಲ್ಲ. ಅದಕ್ಕೆ ನಿವೆನ್ ಸಮುದ್ರದ ತಳದ ಕೆಸರನ್ನು ಹೀರಿ, ಅಂಚಿನ ಗೋಡೆಯ ಮೇಲಿಂದ ಒಳಗೆ ಸುರಿದು ಬೆಟ್ಟ ಮಾಡುವ ಕೊಳವೆಗಳನ್ನು ಕಲ್ಪಿಸಿದರು. ಮೂವತ್ತು ಲಕ್ಷ ಭೂಮಿಗಳ ಲೋಕ ಕೊನೆಗೆ ನಿಂತದ್ದು ಹೂಳೆತ್ತುವ ವ್ಯವಸ್ಥೆಯ ಮೇಲೆ.

ಆರ್ಥರ್ ಕ್ಲಾರ್ಕ್ ಇದನ್ನು ಮೊದಲೇ ಅರಿತಿದ್ದರು. 1973ರ ‘ರಾಮಾ’ ಕಾದಂಬರಿಯಲ್ಲಿ 50 ಕಿ.ಮೀ. ಉದ್ದದ ಟೊಳ್ಳು ಉರುಳೆಯೊಂದು ಸೌರಮಂಡಲಕ್ಕೆ ಬರುತ್ತದೆ. ಒಳಗೆ ಯಜಮಾನರಿಲ್ಲ. ಇರುವುದು ಕಸ ಹೆಕ್ಕುವ, ಮುರಿದದ್ದನ್ನು ಒಯ್ಯುವ ಯಂತ್ರಜೀವಿಗಳು. ಇ. ಎಂ. ಫಾರ್ಸ್ಟರ್ 1909ರಷ್ಟು ಹಿಂದೆಯೇ, ನೆಲದಡಿಯ ಕೋಣೆಗಳಲ್ಲಿ ಯಂತ್ರವನ್ನು ನಂಬಿ ಬದುಕುವ ಮನುಷ್ಯರ ಕತೆ ಬರೆದರು. ಅಲ್ಲಿ ದುರಸ್ತಿ ಮಾಡುವ ಯಂತ್ರವೇ ಕೆಟ್ಟಾಗ ಅದನ್ನು ದುರಸ್ತಿ ಮಾಡಲು ಯಾರಿಗೂ ಬರುವುದಿಲ್ಲ. ಹೈನ್‌ಲೈನ್‌ರ 1941ರ ಕತೆಯಲ್ಲಿ ತಲೆಮಾರುಗಳಿಂದ ನೌಕೆಯೊಳಗೇ ಹುಟ್ಟಿ ಸತ್ತವರಿಗೆ ತಾವಿರುವುದು ನೌಕೆಯೆಂಬುದೇ ಮರೆತಿದೆ. ಒಳ್ಳೆಯ ಬರಹಗಾರರು ಕೃತಕ ಲೋಕವನ್ನು ಕೈಗೆತ್ತಿಕೊಂಡಾಗೆಲ್ಲ ಸುತ್ತಿ ಬಳಸಿ ಬಂದು ನಿಲ್ಲುವುದು ಇಲ್ಲಿಗೇ. 1977ರ ‘ಸ್ಟಾರ್ ವಾರ್ಸ್’ ಸಿನಿಮಾದ, ಪುಟ್ಟ ಉಪಗ್ರಹದ ಗಾತ್ರದ ಯುದ್ಧಗೋಳವೂ ನಾಶವಾದದ್ದು ಬಿಸಿ ಹೊರಹೋಗುವ ಎರಡು ಮೀಟರಿನ ಕಿಂಡಿಯಿಂದ.

ನಮ್ಮ ಪುರಾಣದಲ್ಲಿ ಇದೆಲ್ಲ ಮೊದಲೇ ಇತ್ತು ಎನ್ನುವವರೂ ಇದ್ದಾರೆ. ಇರಲಿ. ಮಯ ಕಟ್ಟಿದ ಮೂರು ಹಾರುವ ಪಟ್ಟಣಗಳ ಕತೆಯಲ್ಲಿ ಅವರಿಗೆ ನೆನಪಿರುವುದು ಬಂಗಾರ, ಬೆಳ್ಳಿ, ಕಬ್ಬಿಣದ ಕೋಟೆಗಳು ಮತ್ತು ಶಿವನ ಒಂದು ಬಾಣ. ಭಾಗವತದ ಏಳನೇ ಸ್ಕಂಧ ಇನ್ನೊಂದು ವಿವರ ಕೊಡುತ್ತದೆ. ಸತ್ತ ದಾನವರನ್ನು ಬದುಕಿಸುವ ಅಮೃತದ ಬಾವಿಯೊಂದು ಅಲ್ಲಿತ್ತು. ವಿಷ್ಣು ಹಸುವಾಗಿ, ಬ್ರಹ್ಮ ಕರುವಾಗಿ ಹೋಗಿ ಆ ಬಾವಿಯನ್ನು ಕುಡಿದು ಬರಿದು ಮಾಡಿದರು. ಕಾವಲಿನವರು ನೋಡುತ್ತಲೇ ಇದ್ದರು, ತಡೆಯಲಿಲ್ಲ. ಬಾಣ ಬಿದ್ದದ್ದು ಆಮೇಲೆ.

ಕತೆ ಬಿಟ್ಟು ನಿಜಕ್ಕೆ ಬಂದರೂ ತೀರ್ಪು ಬದಲಾಗುವುದಿಲ್ಲ. ಅಮೆರಿಕದ ಅರಿಜೋನಾದಲ್ಲಿ ‘ಬಯೋಸ್ಫಿಯರ್ 2’ ಎಂಬ ಗಾಜಿನ ಲೋಕ ಕಟ್ಟಿ, 1991ರ ಸೆಪ್ಟೆಂಬರಿನಲ್ಲಿ ಎಂಟು ಮಂದಿಯನ್ನು ಎರಡು ವರ್ಷಕ್ಕೆಂದು ಒಳಗಿಟ್ಟು ಬಾಗಿಲು ಮುಚ್ಚಿದರು. ಮೂರು ಎಕರೆ ಜಾಗ, ಪುಟ್ಟ ಮಳೆಕಾಡು, ಪುಟ್ಟ ಸಮುದ್ರ. ಆಮ್ಲಜನಕ ಶೇ 20.9ರಿಂದ ಶೇ 14.5ರ ಆಸುಪಾಸಿಗೆ ಇಳಿಯಿತು. ಫಲವತ್ತಾದ ಮಣ್ಣಿನ ಸೂಕ್ಷ್ಮಜೀವಿಗಳು ಆಮ್ಲಜನಕ ಉಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತಿದ್ದವು, ಹೊಸ ಕಾಂಕ್ರೀಟ್ ಗೋಡೆಗಳು ಅದನ್ನು ಹೀರಿಕೊಂಡು ಗಿಡಗಳಿಗೂ ಸಿಗದಂತೆ ಮಾಡುತ್ತಿದ್ದವು. 1993ರ ಜನವರಿಯಲ್ಲಿ ಹೊರಗಿನಿಂದ ಆಮ್ಲಜನಕ ತುಂಬಬೇಕಾಯಿತು. ಬಳೆಯಲ್ಲ, ಗೋಳವಲ್ಲ, ಮೂರು ಎಕರೆ, ಹದಿನಾರು ತಿಂಗಳು.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ 2000ದ ನವೆಂಬರಿನಿಂದ ಒಂದು ದಿನವೂ ಬಿಡದೆ ಜನರಿದ್ದಾರೆ. ಕಾರಣ ಅದರ ಗಾತ್ರವಲ್ಲ, ಅಲ್ಲಿರುವವರು ಗಗನಯಾತ್ರಿಗಳಾಗಿರುವಷ್ಟೇ ಕೊಳಾಯಿ ರಿಪೇರಿಯವರೂ ಆಗಿರುವುದು. ಅಲ್ಲಿ ಮೂತ್ರವನ್ನು ಶುದ್ಧಮಾಡಿ ಕುಡಿಯುವ ನೀರಾಗಿಸುವ ಯಂತ್ರವಿದೆ. ಅದು ಆರಂಭದ ದಿನಗಳಲ್ಲೇ ಕೈಕೊಟ್ಟಿತು. ತೂಕವಿಲ್ಲದ ಸ್ಥಿತಿಯಲ್ಲಿ ಮೂಳೆ ಸವೆದು ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚುತ್ತದೆ, ಕ್ಯಾಲ್ಸಿಯಂ ಸಲ್ಫೇಟಿನ ಗಸಿ ಯಂತ್ರದಲ್ಲಿ ಕಟ್ಟಿಕೊಳ್ಳುತ್ತದೆ ಎಂದು ತಿಳಿದು ಸರಿಪಡಿಸಲು ವರ್ಷಗಳೇ ಹಿಡಿದವು. 2025ರ ಜೂನ್‌ನಲ್ಲಿ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಅಲ್ಲಿಗೆ ಹೊರಟಾಗ ಉಡಾವಣೆ ಪದೇ ಪದೇ ಮುಂದೆ ಹೋಯಿತು. ಕಾರಣಗಳಲ್ಲಿ ಒಂದು, ನಿಲ್ದಾಣದ ರಷ್ಯನ್ ಭಾಗದ ಗಾಳಿ ಸೋರಿಕೆ. ಅವರು ಅಲ್ಲಿ ಮೊಳಕೆ ಬರಿಸಿದ ಮೆಂತ್ಯ ಮತ್ತು ಹೆಸರು ಕಾಳಿನ ಪ್ರಯೋಗ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಹಾಗೂ ಐಐಟಿಯದು. ಮೂರನೇ ದರ್ಜೆಯ ನಾಗರಿಕತೆಯ ಕನಸಿಗಿಂತ ಆ ಒಂದು ಹಿಡಿ ಮೊಳಕೆ ಕಾಳು ಕೃತಕ ಲೋಕಗಳ ಬಗ್ಗೆ ಹೆಚ್ಚು ಕಲಿಸುತ್ತದೆ.

ಇನ್ನು ಬೀದರ್. ಮೈಲೂರದ ಯಾವ ಮಾಳಿಗೆ ಹತ್ತಿದರೂ ವಾಯುಪಡೆಯ ತರಬೇತಿ ವಿಮಾನಗಳ ಸದ್ದಿಗೆ ತಲೆ ಮೇಲಕ್ಕೆ ಹೋಗುತ್ತದೆ. ಈ ಊರಿನವರಿಗೆ ಮೇಲೆ ನೋಡುವ ಅಭ್ಯಾಸ ಜಾಸ್ತಿ. ಬಂದ ಪ್ರವಾಸಿಗರಿಗೆ ತೋರಿಸುವುದೂ ಮೇಲೆದ್ದು ನಿಂತದ್ದನ್ನೇ: ಕೋಟೆ, ಗೋಡೆ, ಬುರುಜು, ಮಹಮೂದ್ ಗವಾನನ 1472ರ ಮದರಸಾ. ಕೋಟೆಯ ದಕ್ಷಿಣಕ್ಕೆ ಕೆಂಪು ಜಂಬಿಟ್ಟಿಗೆ ಬಂಡೆಯನ್ನೇ ಕೊರೆದು ಮಾಡಿದ ಮೂರು ಸಾಲಿನ ಕಂದಕ ನಿಜಕ್ಕೂ ಬೆರಗಿನದು, ಅಲ್ಲಗಳೆಯುವಂತಿಲ್ಲ. ಆದರೆ ಈ ಊರಿನ ಅತಿ ಜಾಣ ಕಟ್ಟಡ ನೆಲದ ಮೇಲಿಲ್ಲ.

ಬಹಮನಿ ಸುಲ್ತಾನ ಒಂದನೇ ಅಹ್ಮದ್ ಶಾ 1420ರ ದಶಕದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. ಎತ್ತರದ ಪ್ರಸ್ಥಭೂಮಿ, ಗಾಳಿ ತಂಪು, ಶತ್ರುವಿಗೆ ಕಷ್ಟ. ಎಲ್ಲ ಸರಿ, ನೀರು? ಮೇಲಿನ ಜಂಬಿಟ್ಟಿಗೆ ಮಳೆ ನೀರನ್ನು ಸರಾಗ ಕುಡಿದುಬಿಡುತ್ತದೆ. ಕೆಳಗಿನ ಕರಿಕಲ್ಲಿಗೆ ಬಂದಾಗ ನೀರು ತಡೆದು ನಿಂತು, ಬಿರುಕು ಹಿಡಿದು ಅಡ್ಡಕ್ಕೆ ಹರಿಯುತ್ತದೆ. ಆ ಜಾಡನ್ನು ಹಿಡಿದು ಪರ್ಷಿಯಾದ ವಿದ್ಯೆಯಲ್ಲಿ ಸುರಂಗ ಕೊರೆದರು. ಅದೇ ಕರೇಜ್, ಇಲ್ಲಿನವರ ಬಾಯಲ್ಲಿ ಸುರಂಗ ಬಾವಿ. ಮೇಲುಭಾಗದಲ್ಲಿ ನೀರು ಸಿಗುವ ತಾಯಿಬಾವಿ, ಅಲ್ಲಿಂದ ಅತಿ ಸಣ್ಣ ಇಳಿಜಾರಿನಲ್ಲಿ ಸಾಗುವ ಸುರಂಗ, ಅಲ್ಲಲ್ಲಿ ನೆಲದಿಂದ ಸುರಂಗಕ್ಕೆ ನೇರ ಇಳಿಯುವ ಕಿಂಡಿಗಳು. ರಾಟೆಯಿಲ್ಲ, ಪಂಪಿಲ್ಲ, ನೀರು ತನ್ನ ಪಾಡಿಗೆ ನಡೆದು ಹೊರಬರುತ್ತದೆ. ನೌಬಾದಿನದು ಸುಮಾರು 3 ಕಿ.ಮೀ. ಉದ್ದ, ಇಪ್ಪತ್ತಕ್ಕೂ ಹೆಚ್ಚು ಕಿಂಡಿಗಳು. ಶುಕ್ಲತೀರ್ಥದ್ದು ಇನ್ನೊಂದು. ಹಳೆ ಊರಿನ ಬೀದಿಗಳ ಅಡಿಯಲ್ಲಿ ನೀರು ಹಂಚಲು ಮಾಡಿದ ಜಮ್ನಾ ಮೋರಿ ಮತ್ತೊಂದು.

ಇಳಿಜಾರು ಹೆಚ್ಚಾದರೆ ನೀರು ಸುರಂಗದ ತಳವನ್ನೇ ಕೊರೆದುಬಿಡುತ್ತದೆ, ಕಡಿಮೆಯಾದರೆ ಹೂಳು ಕೂರುತ್ತದೆ. ಉದ್ದದ ಸುರಂಗಗಳಲ್ಲಿ ಸಾವಿರ ಅಡಿಗೆ ಒಂದು ಅಡಿ ಇಳಿಸಿದರೆ ಸಾಕು. ಕತ್ತಲಲ್ಲಿ, ದೀಪದ ಬೆಳಕಲ್ಲಿ ಅಗೆದವರು ಈ ಲೆಕ್ಕ ತಪ್ಪಲಿಲ್ಲ. ಅದಕ್ಕಿಂತ ಗಮನಿಸಬೇಕಾದ್ದು ಆ ಕಿಂಡಿಗಳು. ಅಗೆಯುವಾಗ ಮಣ್ಣು ಮೇಲೆತ್ತಲು, ಗಾಳಿಯಾಡಲು ಅವು ಬೇಕು. ಕೆಲಸ ಮುಗಿದ ಮೇಲೂ ಮುಚ್ಚುವುದಿಲ್ಲ. ಮುಂದಿನ ವರ್ಷ, ಅದರ ಮುಂದಿನ ವರ್ಷ, ಮೊಮ್ಮಗನ ಕಾಲಕ್ಕೂ ಹೂಳೆತ್ತುವವನು ಇಳಿಯಬೇಕಲ್ಲ. ಕಟ್ಟುವಾಗಲೇ ಅವನಿಗೆ ಬಾಗಿಲು ಇಟ್ಟಿದ್ದಾರೆ, ಒಂದಲ್ಲ, ಇಪ್ಪತ್ತಕ್ಕೂ ಹೆಚ್ಚು. ಯಾವ ವೈಜ್ಞಾನಿಕ ಸಿನಿಮಾದ ಯಾವ ದೈತ್ಯಗೋಳದ ನಕ್ಷೆಯಲ್ಲಿ ಇಂಥ ಬಾಗಿಲು ಇದೆ?

ಆ ಬಾಗಿಲುಗಳನ್ನು ಮುಚ್ಚಿದ್ದು ಕಾಲವಲ್ಲ, ನಾವು. ನಲ್ಲಿ, ಕೊಳವೆಬಾವಿ ಬಂದ ಮೇಲೆ ಕಿಂಡಿಗಳು ಕಸದ ಗುಂಡಿಗಳಾದವು, ಕೆಲವಕ್ಕೆ ಕಟ್ಟಡದ ಅವಶೇಷ ಸುರಿದರು. ಕೇರಳದ ಚಿತ್ತೂರಿನ ಸರ್ಕಾರಿ ಕಾಲೇಜಿನ ಭೂಗೋಳ ಅಧ್ಯಾಪಕ ವಿ. ಗೋವಿಂದನ್‌ಕುಟ್ಟಿ ಬಂದು ಈ ಜಾಡುಗಳನ್ನು ಅಳೆದು ನಕ್ಷೆ ಮಾಡಿದರು. ಬೀದರ್‌ನ ಐತಿಹಾಸಿಕ ನಗರ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡಿನ 2014ರ ಅಪಾಯದ ಪಟ್ಟಿ ಸೇರಿತು. ಆ ದಶಕದ ನಡುವಿನಲ್ಲಿ ನೌಬಾದಿನ ಸುರಂಗದ ಹೂಳು ತೆಗೆಯುವ ಕೆಲಸ ನಡೆದು, ಒಳಗೆ ಮತ್ತೆ ನೀರು ಕಂಡಿತು. 2016ರ ಏಪ್ರಿಲ್‌ನಲ್ಲಿ ನೆರೆಯ ಲಾತೂರಿಗೆ ಮಿರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ಸಾಗಿಸಬೇಕಾಗಿ ಬಂದ ಬರಗಾಲದ ಹೊತ್ತು ಅದು. ಆರು ಶತಮಾನದ ಹಿಂದಿನ ಕಟ್ಟಡ ಕೆಟ್ಟಿರಲಿಲ್ಲ, ಗುಡಿಸುವವರಿಗಾಗಿ ಕಾದಿತ್ತು ಅಷ್ಟೇ.

ಗಾತ್ರದ ಪಕ್ಷದವರ ವಾದಗಳಿಗೂ ಉತ್ತರ ಕೊಡಬೇಕು. ಇದು ಸಣ್ಣದನ್ನು ಹೊಗಳಿ ದೊಡ್ಡದನ್ನು ಹಳಿಯುವ ವಾದ ಎಂದು ಅವರು ಹೇಳಬಹುದು. ಅಲ್ಲ. ಇರಾನಿನ ಗೋನಾಬಾದಿನ ಸುರಂಗ 33 ಕಿ.ಮೀ. ಉದ್ದ, ಅದರ ತಾಯಿಬಾವಿ 300 ಮೀಟರಿಗೂ ಆಳ. 2016ರಲ್ಲಿ ಯುನೆಸ್ಕೊ ಅದನ್ನೂ ಸೇರಿಸಿ ಪರ್ಷಿಯಾದ ಹನ್ನೊಂದು ಸುರಂಗ ಬಾವಿಗಳನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಅದು ದೈತ್ಯವೇ. ಅದು ಬದುಕಿದ್ದು ಹೂಳೆತ್ತುವುದನ್ನೇ ಕುಲಕಸುಬಾಗಿ ಮಾಡಿಕೊಂಡ ಜನರಿಂದ.

ಎರಡನೇ ವಾದ: ಮುಂದೆ ಎಲ್ಲವನ್ನೂ ಯಂತ್ರಗಳೇ ನೋಡಿಕೊಳ್ಳುತ್ತವೆ. ಫಾರ್ಸ್ಟರ್ ಇದಕ್ಕೆ ಉತ್ತರ ಬರೆದು ನೂರು ವರ್ಷ ದಾಟಿದೆ. ಯಂತ್ರ ನೋಡಿಕೊಳ್ಳಬಹುದು, ಯಂತ್ರವನ್ನು ನೋಡಿಕೊಳ್ಳುವವರು ಬೇಕು, ಅವರಿಗೆ ಸಂಬಳ ಬೇಕು, ಅವರ ಹೆಸರು ಕತೆಯಲ್ಲಿರಬೇಕು. 1927ರ ‘ಮೆಟ್ರೊಪೊಲಿಸ್’ ಸಿನಿಮಾದಲ್ಲಿ ಗಗನಚುಂಬಿ ನಗರದ ಅಡಿಯಲ್ಲಿ ಯಂತ್ರಗಳ ಜೊತೆ ಹೆಣಗುವ ಕೂಲಿಗಳನ್ನು ಫ್ರಿಟ್ಸ್ ಲಾಂಗ್ ತೋರಿಸಿದ್ದರು. ಯಂತ್ರ ನಿಂತಾಗ ನೀರು ನುಗ್ಗಿದ್ದು ಅವರ ಮನೆಗಳಿಗೇ. ‘ತಂತಾನೇ ನಡೆಯುತ್ತದೆ’ ಎಂಬ ಮಾತು ಹೆಚ್ಚಾಗಿ, ಯಾರು ನಡೆಸುತ್ತಾರೆಂದು ಹೇಳಲು ಇಷ್ಟವಿಲ್ಲದವರ ಮಾತು.

ಮೂರನೆಯದು ಕೊಂಚ ಗಟ್ಟಿ: ಬೆರಗಿಲ್ಲದೆ ವೈಜ್ಞಾನಿಕ ಕತೆ ಇಲ್ಲ, ಬೆರಗಿಗೆ ಗಾತ್ರ ಬೇಕು. ಬೆರಗು ಬೇಕೆಂಬುದು ಒಪ್ಪಿತ. ಗಾತ್ರವೊಂದೇ ಬೆರಗು ಎಂಬುದು ಸೋಮಾರಿತನ. ಓದುಗನನ್ನು ರೋಮಾಂಚನಗೊಳಿಸಲು ಸೊನ್ನೆ ಸೇರಿಸುತ್ತ ಹೋಗುವುದು ಸುಲಭ. ಮೂರು ಕಿಲೋಮೀಟರ್ ಕತ್ತಲಲ್ಲಿ ಇಳಿಜಾರು ತಪ್ಪದೆ ಅಗೆದವನ ಕೈಯನ್ನು ಬರೆಯುವುದು ಕಷ್ಟ.

ಈ ಸೋಮಾರಿತನ ಪುಸ್ತಕದೊಳಗೇ ಉಳಿದಿದ್ದರೆ ಖಂಡನೆಯ ಅಗತ್ಯವಿರಲಿಲ್ಲ. ಸೌದಿ ಅರೇಬಿಯಾ 2021ರಲ್ಲಿ ಮರುಭೂಮಿಯಲ್ಲಿ 170 ಕಿ.ಮೀ. ಉದ್ದದ ‘ದಿ ಲೈನ್’ ನಗರವನ್ನು ಘೋಷಿಸಿತು. ಮರುವರ್ಷ ಬಂದ ವಿನ್ಯಾಸದ ಪ್ರಕಾರ ಗೋಡೆಗಳ ಎತ್ತರ 500 ಮೀಟರ್, ನಗರದ ಅಗಲ 200 ಮೀಟರ್, ಜನ 90 ಲಕ್ಷ. ಕಾದಂಬರಿಯ ಹೊದಿಕೆ ಚಿತ್ರವನ್ನು ಸರ್ಕಾರವೊಂದು ಯೋಜನೆಯಾಗಿ ಓದಿಕೊಂಡದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ದೂರ ಏಕೆ, ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಬಳಿಯ ಕಾರಂಜಾ ಜಲಾಶಯವನ್ನೇ ನೋಡಬಹುದು. ಅಣೆಕಟ್ಟೆಯ ಎತ್ತರ, ಸಾಮರ್ಥ್ಯ ಎಲ್ಲ ಕಡತದಲ್ಲಿ ಭದ್ರವಾಗಿವೆ. ಜಮೀನು ಕಳೆದುಕೊಂಡವರು ದಶಕಗಳ ನಂತರವೂ ಪರಿಹಾರಕ್ಕಾಗಿ ಬೀದರ್‌ನಲ್ಲಿ ಧರಣಿ ಕೂರಬೇಕಾಯಿತು. ಕಟ್ಟಿದ್ದನ್ನು ಎಣಿಸಿ, ಅದರೊಡನೆ ಬದುಕಬೇಕಾದವರನ್ನು ಲೆಕ್ಕಕ್ಕೆ ಹಿಡಿಯದಿರುವುದು ಒಂದೇ ರೋಗ, ಕತೆಯಲ್ಲಾದರೂ ಕಚೇರಿಯಲ್ಲಾದರೂ.

ಕನ್ನಡದಲ್ಲಿ ರಾಜಶೇಖರ ಭೂಸನೂರಮಠರಂಥವರು ವೈಜ್ಞಾನಿಕ ಕಾದಂಬರಿಗೆ ಓದುಗರನ್ನು ಸಂಪಾದಿಸಿಕೊಟ್ಟರು. ಆ ದಾರಿಯಲ್ಲಿ ಬರುತ್ತಿರುವ ಹೊಸಬರು ಕೃತಕ ಲೋಕ ಕಟ್ಟುವ ಮುನ್ನ ಆಂಗ್ಲ ಸಿನಿಮಾದ ಗೋಳಗಳನ್ನು ಅಳೆಯುತ್ತ ಕೂರಬೇಕಿಲ್ಲ. ಅಡ್ಯನಡ್ಕದ ಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು, ಮೊದಲ ಕೆಲವು ಬರಿದಾದರೂ ಬಿಡದೆ ನೀರು ತಂದು ತೋಟ ಮಾಡಿದ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತು. ಕಾಸರಗೋಡಿನ ಗುಡ್ಡಗಳಲ್ಲಿ ಅಂಥ ಸುರಂಗಗಳು ಸಾವಿರಗಟ್ಟಲೆ ಇವೆ. ಬೀದರಿನ ಝರಣಿ ನರಸಿಂಹನ ಗುಹೆಯಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದು ದೇವರನ್ನು ಕಾಣುತ್ತಾರೆ. ನೆಲದೊಳಗಿನ ಲೋಕಗಳಿಗೆ ನಮ್ಮಲ್ಲಿ ಬರವಿಲ್ಲ. ಮುಂದಿನ ಕನ್ನಡ ಕಾದಂಬರಿಯ ನಾಯಕಿ ಬಾಹ್ಯಾಕಾಶದ ಸುರಂಗವೊಂದರಲ್ಲಿ ಗಸಿ ಕೆರೆಯುವ ಕೆಲಸದವಳಾಗಿರಲಿ.

ಬರೆಯದವರಿಗೂ ಒಂದು ಕೆಲಸವಿದೆ. ನೌಬಾದ್, ಮೈಲೂರದಂಥ ಬಡಾವಣೆಗಳಲ್ಲಿ ಬೀದರ್ ಬೆಳೆಯುತ್ತಿದೆ, ನಿವೇಶನದ ಬೆಲೆ ಏರುತ್ತಿದೆ. ಸುರಂಗ ಬಾವಿ ಹಾದುಹೋಗುವ ಕಡೆ ಹೊಸ ಲೇಔಟಿಗೆ ಅನುಮತಿ ಕೊಡುವ ಮುನ್ನ ಅದರ ಪ್ರತಿ ಕಿಂಡಿಯೂ ನಕ್ಷೆಯಲ್ಲಿ ಗುರುತಾಗಬೇಕು, ಸುತ್ತ ಜಾಗ ಬಿಡಬೇಕು, ವರ್ಷಕ್ಕೊಮ್ಮೆ ಹೂಳು ತೆಗೆಯಲು ಬಜೆಟ್ಟಿನಲ್ಲಿ ಹಣ ಇಡಬೇಕು. ನಿವೇಶನ ಕೊಳ್ಳುವವರು ಕಾಗದಪತ್ರ ನೋಡುವಾಗ ಕಾಲಡಿಯಲ್ಲಿ ಕಿಂಡಿ ಇದೆಯೇ ಎಂದೂ ಕೇಳಲಿ.